ಅಪ್ಪನ ಓರೆ

ಮಂಗಳವಾರ, 4

ಅಪ್ಪನ ಪೆನ್ನು ಇವತ್ತೂ ಬರೆಯಲಿಲ್ಲ. ಪಾರ್ಶ್ವವಾಯು ಬಡಿದು ಅಪ್ಪ ಆಸ್ಪತ್ರೆ ಸೇರಿದಾಗಿನಿಂದ ಪೆನ್ನು ಡ್ರಾಯರಿನಲ್ಲೇ ಬಿದ್ದಿತ್ತು. ಕೆಂಪು ಇಂಕು ಒಣಗಿ ಕಚ್ಚಿಕೊಂಡಿದೆ. ಒಂದು ಲೋಟ ಉಗುರುಬೆಚ್ಚಗಿನ ನೀರಲ್ಲಿ ನೆನೆಹಾಕಿ ಕನ್ನಡಕದಂಗಡಿಯ ಕೆಲಸಕ್ಕೆ ಹೋದೆ. ದಿನವಿಡೀ ಊರವರ ಕನ್ನಡಕ ಒರೆಸಿದೆ, ತಲೆಯೆಲ್ಲ ಆ ಲೋಟದಲ್ಲೇ.

ಶನಿವಾರ ಡಿಸ್ಚಾರ್ಜ್. ಬಲಗೈಗೆ ಶಕ್ತಿ ಬರಬೇಕಾದರೆ ದಿನಾ ಬರೆಸಿ ಅಂದಿದ್ದಾರೆ ಡಾಕ್ಟರ್. ಪೆನ್ಸಿಲ್ ಕೊಟ್ಟರೆ ಅಪ್ಪ ಮುಖ ತಿರುಗಿಸಿದರು. "ನನ್ನ ಪೆನ್ನು ಬರ್ಲಿ, ಆಮೇಲೆ ನೋಡೋಣ." ಜೀವಮಾನವೆಲ್ಲ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ಬರೆಯದೆ ಕೂತರೆ ಕೈಯೂ ಹೋಗುತ್ತದೆ, ಅಪ್ಪನೂ... ಬೇಡ.

ಬುಧವಾರ, 5. ಸಂಜೆ

ಇಂಕು ಇಳಿಯಿತು! ಆದರೆ ಗೀಟು ನಡುನಡುವೆ ಮಾಯ. ಕೆರೆಯುತ್ತದೆ ಬೇರೆ. ಅಂಗಡಿಯ ಭೂತಗನ್ನಡಿ ಹಿಡಿದು ನೋಡಿದೆ — ನಿಬ್ಬಿನ ತುದಿ ಒಂದೇ ಕಡೆ ಸವೆದಿದೆ. ಸಿಕ್ಕಿಬಿದ್ದ ಕಳ್ಳ! ನುಣ್ಣನೆಯ ಪಾಲಿಶ್ ಕಾಗದದ ಮೇಲೆ ಉಜ್ಜುವುದು, ಬರೆದು ನೋಡುವುದು, ಮತ್ತೆ ಉಜ್ಜುವುದು. ಈಗ ಬೆಣ್ಣೆ ಸವರಿದ ಹಾಗೆ ಓಡುತ್ತಿದೆ. ಇದನ್ನು ಬರೆಯುತ್ತಿರುವುದೂ ಅದರಲ್ಲೇ.

ಗುರುವಾರ, 6

ಅಮ್ಮನ ಕೈಗೆ ಕೊಟ್ಟೆ. ಬರೆಯಲಿಲ್ಲ. ನಾನು ಹಿಡಿದೆ. ಬರೆಯಿತು. ನಿಬ್ಬು ಸವೆದಿತ್ತು, ಉಜ್ಜಿದೆ ಅಂದೆ.

"ಲೇ ಎಡಚಿ, ಏನೇ ಮಾಡ್ದೆ? ಅದು ಸವೆದು ಕೆಟ್ಟಿರ್ಲಿಲ್ಲ ಕಣೇ. ನಿಬ್ಬು ನಿಮ್ಮಪ್ಪನ ಬಲಗೈಯ ಓರೆಗೆ ಪಳಗಿತ್ತು. ಬೇರೆ ಯಾರಿಗೂ ಬರೀತಾನೇ ಇರ್ಲಿಲ್ಲ!"

ನನ್ನ ಎಡಗೈಯಲ್ಲಿ ಬರೆದು ನೋಡುತ್ತ ಉಜ್ಜಿದ್ದೇನೆ. ಅಪ್ಪನ ಬಲಗೈ ವರ್ಷಗಟ್ಟಲೆ ಮಾಡಿದ ಓರೆ ಒಂದೇ ಸಂಜೆಗೆ ಹೋಯಿತು. ಪೆನ್ನಿನಂಗಡಿಗೆ ಓಡಿದೆ. "ಈ ನಿಬ್ ಈಗೆಲ್ಲಿ ಸಿಗುತ್ತಮ್ಮ" ಅಂದ. ಅಪ್ಪನಿಗೆ ಯಾವ ಮುಖ ಹೊತ್ತು ಹೇಳಲಿ?

ಶನಿವಾರ, 8

ಬಂದರು. ನೀರು ಕೇಳುವ ಮೊದಲು ಪೆನ್ನು ಕೇಳಿದರು.

ಬಲಗೈಗೆ ಹಿಡಿಸಿದೆ. ಜಾರಿತು. ಮತ್ತೆ ಹಿಡಿಸಿದೆ. ಕೆರೆಯಿತೇ ಹೊರತು ಅಕ್ಷರವಿಲ್ಲ. ಅಪ್ಪ ತಮ್ಮ ಕೈಯನ್ನೇ ನೋಡುತ್ತ ಕೂತರು. ತಪ್ಪು ಕೈಯದೇ ಅಂದುಕೊಂಡರು. ನೋಡಲಾಗಲಿಲ್ಲ ನನಗೆ. ಎಲ್ಲ ಹೇಳಿಬಿಟ್ಟೆ. ಅತ್ತೂಬಿಟ್ಟೆ.

ಅಪ್ಪ ನಿಬ್ಬಿನತ್ತ ಬಗ್ಗಿ ನೋಡಿದರು. ಆಮೇಲೆ ನಿಧಾನವಾಗಿ, "ಅಂದ್ರೆ... ಈಗದು ಎಡಚರ ಪೆನ್ನು."

"ಹ್ಞೂಂ."

ಎಡಗೈ ಚಾಚಿದರು. "ಬಲಗೈಗೆ ನಾಳೆಯಿಂದ ಪೆನ್ಸಿಲ್ಲೇ ಕೊಡು. ಈಗ ಹೇಗೆ ಹಿಡೀತೀಯ, ತೋರ್ಸು. ಚಿಕ್ಕವಳಿದ್ದಾಗ ನಿನ್ನ ಎಡಗೈ ಬರಹ ಬಿಡ್ಸೋಕೆ ಎಷ್ಟು ಒದ್ದಾಡಿದ್ನೋ!"

ಬೆರಳು ಕೂಡಿಸಿದೆ. ಕೆಂಪು ಗೀಟೊಂದು ಬಂತು, ಸೊಟ್ಟಗೆ, ಆದರೆ ಎಲ್ಲೂ ಕಡಿಯದೆ. ನಕ್ಕರು. ಸುಸ್ತಾಗಿ ಮಲಗಿದರು ಅಂತ ಇದನ್ನು ಬರೆಯಲು ಪೆನ್ನು ಎತ್ತಿಕೊಂಡು ಬಂದೆ...

ಕೂಗುತ್ತಿದ್ದಾರೆ. ಎಲ್ಲೇ ನನ್ನ ಪೆನ್ನು ಅಂತ. ಈಗಲೇ ಬೇಕಂತೆ, ತಮ್ಮ ಹೆಸರು ಬರೀ—