ತಾನಾಗಿಯೇ ಶುರುವಾಗುವ ವ್ಯಾಕ್ಯೂಮ್

ರೀ,

ಸಿಂಚನಳನ್ನು ಕರೆದುಕೊಂಡು ಲಿಂಗರಾಜಪುರಕ್ಕೆ, ಅಮ್ಮನ ಮನೆಗೆ ಹೋಗುತ್ತಿದ್ದೇನೆ. ಬೆಳಿಗ್ಗೆ ಅವಳಿಗೆ ಮತ್ತೆ ಉಬ್ಬಸ ಬಂತು. ಈ ಸಲ ಎಷ್ಟು ದಿನ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ರೈಲ್ವೆ ಗೇಟು ಹಾಕುವ ಮುಂಚೆ ಆಟೊ ಕಗ್ಗದಾಸಪುರ ದಾಟಬೇಕು, ಅದಕ್ಕೇ ಈ ಗೀಚು.

ಸಾರು ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೊಳ್ಳಿ. ಅವಳ ಹಾಸಿಗೆ ಕೊಡವಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ನಿಮ್ಮ ಮರಗೆಲಸದ ಶೆಡ್ಡಿನ ಬಾಗಿಲು ಹಾಕಿಯೇ ಇತ್ತು, ಆದರೂ ದಿಂಬಿನ ಮೇಲೆ ಮರದ ಧೂಳು.

ಮೂರು ಭಾನುವಾರ ಕೂತು ವೈರ್ ಎಳೆದಿರಿ. ಗರಗಸದ ಮೆಷಿನ್ ಹಾಕಿದ ತಕ್ಷಣ ಧೂಳು ಎಳೆಯುವ ವ್ಯಾಕ್ಯೂಮ್ ತಾನೇ ಶುರುವಾಗುತ್ತೆ, "ಇನ್ಮೇಲೆ ಧೂಳಿನ ಮಾತೇ ಇಲ್ಲ ಕಣೇ" ಅಂದಿರಿ. ನಂಬಿದೆ. ಆದರೆ ಅವಳ ಓದುವ ಮೇಜನ್ನು ಸಂಜೆಯೆಲ್ಲ ಉಪ್ಪುಕಾಗದ ಹಿಡಿದು ಕೈಯಲ್ಲೇ ಉಜ್ಜುತ್ತೀರಿ. ಆಗ ಮೆಷಿನ್ ಓಡುವುದಿಲ್ಲವಲ್ಲ, ವ್ಯಾಕ್ಯೂಮಿಗೆ ಹೇಗೆ ಗೊತ್ತಾಗಬೇಕು? ಆ ಸಣ್ಣ ಪುಡಿಯೇ ಎದೆಗೆ ಇಳಿಯೋದು ಅಂತ ಡಾಕ್ಟರು ಎಷ್ಟು ಸಲ ಹೇಳಿದರು.

ನಿಮ್ಮ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಅದೂ ಆಗುವುದಿಲ್ಲ. ಮೇಜು ಅವಳಿಗೇ ತಾನೇ.

ಇನ್ನೊಂದು. ಹೊರಡುವ ಮುಂಚೆ ಅವಳಿಗೆ ನೆಬ್ಯುಲೈಸರ್ ಹಾಕಿದೆ. ಅದೂ ನಿಮ್ಮ ಗರಗಸದ ಮೆಷಿನ್ನೂ ಒಂದೇ ಲೈನೋ ಏನೋ, ಶೆಡ್ಡಿನಲ್ಲಿ ವ್ಯಾಕ್ಯೂಮ್ ಗುಂಯ್ ಅಂತ ಶುರುವಾಯಿತು. ಮಾಸ್ಕಿನ ಒಳಗಿಂದಲೇ, "ಅಮ್ಮಾ, ಅಪ್ಪ ಡ್ಯೂಟಿಯಿಂದ ಬಂದ್ಬಿಟ್ರು!" ಅಂದಳು.

ಅಲ್ಲಿ ಯಾರೂ ಇಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಸುಕನ್ಯ