ತಿದಿ ಬಿಟ್ಟ ಭಾನುವಾರ

ತಮ್ಮಾ ಗೂಲ್ವೆನ್,

ಇವತ್ತು ಇಗರ್ಜಿಯಲ್ಲಿ ನಿಮ್ಮ ಹಡಗು ಮುಳುಗಿ ವರ್ಷ ತುಂಬಿದ್ದಕ್ಕೆ ಪೂಜೆ ಆಯಿತು. ತೂತುಬಿದ್ದ ಹಡಗಿಗೆ ಡಾಂಬರು ಬಳಿದು, ನಿಮ್ಮ ಇಪ್ಪತ್ತಮೂರು ಜನರನ್ನು ಐಸ್‌ಲ್ಯಾಂಡಿನ ಕಡಲಿಗೆ ಅಟ್ಟಿದ ಆ ಕೆರಾಂಬ್ರನ್ ಸಾಹುಕಾರ, ನಿಮ್ಮ ನೆನಪಿಗೆ ಅಂತ ಆರ್ಗನ್ ಸಂಗೀತ ಬರೆಸಿದ್ದಾನೆ. ಮೊದಲ ಹಾಳೆಯಲ್ಲಿ ದೊಡ್ಡದಾಗಿ ಅವನ ಹೆಸರಿದೆ. ನಿಮ್ಮ ಒಬ್ಬರದೂ ಇಲ್ಲ.

ಆರ್ಗನ್ನಿನ ಹಿಂದೆ ನಿಂತು, ಅದರ ಕೊಳವೆಗಳಿಗೆ ಗಾಳಿ ತುಂಬುವ ತಿದಿ ಒತ್ತುವವನು ಈಗಲೂ ನಾನೇ. ಸಂಗೀತದಲ್ಲಿ ಬಿರುಗಾಳಿ ಎದ್ದಿತು, ಅಲೆ ಅಪ್ಪಳಿಸಿತು, ಎಲ್ಲಾ ನನ್ನ ತೋಳಿನ ಗಾಳಿಯಿಂದಲೇ. ಕೊನೆಗೆ ಸ್ವರ್ಗದ ಬಾಗಿಲು ತೆರೆಯುವ ಇಂಪಾದ ಭಾಗ ಬಂತು. ಸಂದಿಯಿಂದ ಇಣುಕಿದೆ. ಸಾಹುಕಾರ ಕರವಸ್ತ್ರ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ.

ನಾನು ತಿದಿಯ ಹಿಡಿ ಬಿಟ್ಟು ಕೈಕಟ್ಟಿ ಕೂತೆ.

ಆರ್ಗನ್ ಗೊರಗುಟ್ಟಿತು, ನರಳಿತು, ಸತ್ತಿತು. ಗಾಳಿ ಬೇಕೆಂದು, ಆರ್ಗನ್ ನುಡಿಸುತ್ತಿದ್ದ ಲೆಸ್ಕೊಪ್ ಮೇಷ್ಟ್ರು ನನ್ನ ಕಿವಿಯ ಪಕ್ಕದ ಗಂಟೆಯನ್ನು ಎಳೆದೆಳೆದು ಬಾರಿಸಿದರು. ಆಮೇಲೆ ವಾದ್ಯ ಬಿಟ್ಟು ಓಡಿಬಂದರು.

"ಲೋ ಎರ್ವಾನ್, ನಿದ್ದೆ ಹೋದ್ಯೇನೋ?"

"ಇಲ್ಲ ಮೇಷ್ಟ್ರೇ, ಎಚ್ಚರವಾಗೇ ಇದ್ದೀನಿ. ಉಸಿರು ಕಟ್ಟೋದು ಹೇಗಿರುತ್ತೆ ಅಂತ ಸಾಹುಕಾರ್ರೂ ಸ್ವಲ್ಪ ಕೇಳಿಸ್ಕೊಳ್ಲಿ."

ನನ್ನ ಮಾತು ಇಗರ್ಜಿಯ ತುಂಬ ಕೇಳಿಸಿತು. ಗಂಡಂದಿರನ್ನು ಕಳಕೊಂಡ ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ಸಾಹುಕಾರನನ್ನೇ ದಿಟ್ಟಿಸಿದರು. ಕರವಸ್ತ್ರವನ್ನು ಎಲ್ಲಿಡುವುದೆಂದು ಅವನಿಗೆ ತಿಳಿಯಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು ಕಣೋ.

ಪೂರ್ತಿ ಅಲ್ಲ. ಆ ಹಡಗಿನಲ್ಲಿ ಕೆಲಸಕ್ಕೆ ಹೋಗಲು ಹೆಸರು ಬರೆಸಿದ್ದವನು ನಾನು. ಅಣ್ಣನಿಗೆ ಜ್ವರ, ಮಲಗಿರಲಿ ಅಂತ ಅಮ್ಮನಿಗೆ ಹೇಳಿ, ನನ್ನ ಬೂಟು ಮೆಟ್ಟಿಕೊಂಡು ನೀನು ಹೊರಟೆ.

ಅವತ್ತೂ ನಾನು ಎಚ್ಚರವಾಗೇ ಇದ್ದೆ.