ಆದಾಮನ ಮೂಗು

ಅಪ್ಪಾ,

ಚರ್ಚಿಗೆಂದು ನಾನು ಮಾಡಿದ ಆದಾಮನ ಮಣ್ಣಿನ ಗೊಂಬೆ ನೋಡಲು ಇವತ್ತು ಪಾದ್ರಿಗಳು ಬಂದರು. ಆವಿಗೆಯಲ್ಲಿ ಸುಡುವಾಗ ಸಿಡಿಯಬಾರದೆಂದು ನೀನು ಕಲಿಸಿದಂತೆ ಗಾಳಿಗೊಂದು ತೂತು ಕೊರೆದಿದ್ದೆ, ಹಿಂಬದಿಯಲ್ಲಿ, ಕೂರುವ ಜಾಗದಲ್ಲಿ. ಮೂಗಿನ ಹೊಳ್ಳೆಗಳನ್ನು ಮಾತ್ರ ಮರೆತಿದ್ದೆ.

ಪಾದ್ರಿಗಳು ಒಂದು ಸುತ್ತು ಹಾಕಿ ನೋಡಿ, ಹಿಂದಿನ ತೂತಿಗೆ ಬೆರಳು ತೋರಿಸಿದರು. “ಮಗಳೇ, ದೇವರು ಜೀವದ ಉಸಿರು ಊದಿದ್ದು ಮೂಗಿಗೆ. ಈಗ ಇಲ್ಲಿಂದ ಊದಿ ಅಂತ ದೇವರಿಗೆ ನಾನು ಹೇಗೆ ಹೇಳ್ಲಿ?”

ನಿನ್ನನ್ನು ಮಣ್ಣು ಮಾಡಿದ ಮೇಲೆ ಅಮ್ಮ ನಕ್ಕಿದ್ದು ಇವತ್ತೇ. “ಅದು ಇವಳಪ್ಪನ ಮೂಗು, ಫಾದರ್. ಬದುಕಿದ್ದಾಗ್ಲೂ ಕಟ್ಕೊಂಡೇ ಇತ್ತು.”

ಅವರು ಹೋದ ಮೇಲೆ ಕಡ್ಡಿಯಿಂದ ಹೊಳ್ಳೆ ಕೊರೆದೆ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಗ್ಗಿ ಒಮ್ಮೆ ಊದಿದೆ. ಒಣಮಣ್ಣಿನ ಪುಡಿ ಹಾರಿತು. ಸೀನಿದ್ದು ನಾನೊಬ್ಬಳೇ.